ಹನುಮಯ್ಯ ಮರಕ್ಕೆ ಹೇಳಿದ್ದು

ನಮ್ಮ ಭಾವ ಹನುಮಯ್ಯನವರ ವಿಷಯ ಯಾರಾದರೂ ಎತ್ತಿದರೆ ನನಗೆ ಸಿಟ್ಟು ಬರುತ್ತದೆ. ಸಿಟ್ಟು ಯಾರ ಮೇಲೆ ಅಂದರೆ ಮುಕ್ಕಾಲು ಪಾಲು ನನ್ನ ಮೇಲೆಯೇ. ಮಿಕ್ಕ ಕಾಲು ಪಾಲು, "ಅಯ್ಯೋ ಪಾಪ, ಬಿಸಿಲಿಗೆ ತಲೆ ಕೆಟ್ಟಿರಬೇಕು" ಅಂತ ಲೊಚಗುಟ್ಟಿ ಹೋಗುವವರ ಮೇಲೆ. ಬಿಸಿಲಂತೆ ಬಿಸಿಲು! ನಲವತ್ತು ವರ್ಷ ಬಿಸಿಲಲ್ಲೇ ಬೆಂದ ಮನುಷ್ಯನಿಗೆ ಬಿಸಿಲು ಏನು ಮಾಡುತ್ತದೆ ಸ್ವಾಮಿ? ನಡೆದದ್ದು ಬೇರೆ. ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮುನಿರಾಜು, ಬೇಗೂರಿನವನು. ದರಬಾರು ತೋಟದ ಗೇಟಿನಲ್ಲಿ ಹದಿನೆಂಟು ವರ್ಷದಿಂದ ವಾಚ್‌ಮನ್. ಬೊಮ್ಮನಹಳ್ಳಿ ಕಡೆಯಿಂದ ಒಳರಸ್ತೆ ಹಿಡಿದು ಬಂದರೆ ಗಾಜಿನ ಆಫೀಸುಗಳ ಮಧ್ಯೆ ಒಂದು ಹಳೇ ಕಲ್ಲಿನ ಕಮಾನು ಸಿಗುತ್ತದೆ, ಅದೇ ನಮ್ಮ ತೋಟ. ಮಹಾರಾಜರ ಕಾಲದಲ್ಲಿ, ಹೊರದೇಶದ ಹಣ್ಣಿನ ಗಿಡಗಳು ಈ ಮಣ್ಣಿಗೆ ಒಗ್ಗುತ್ತವೋ ಇಲ್ಲವೋ ನೋಡೋಣ ಅಂತ ನಲವತ್ತು ಎಕರೆಯಲ್ಲಿ ಮಾಡಿಸಿದ್ದು. ಈಗ ಉಳಿದಿರುವುದು ಒಂಬತ್ತು ಎಕರೆ. ಒಂದು ಕಡೆ ಅಪಾರ್ಟ್‌ಮೆಂಟು, ಒಂದು ಕಡೆ ಆಫೀಸು, ಹಿಂದುಗಡೆ ರಾಜಕಾಲುವೆ. ಬೆಳಿಗ್ಗೆ ವಾಕಿಂಗ್‌ನವರು, ಮಧ್ಯಾಹ್ನ ಪ್ರೇಮಿಗಳು, ಸಂಜೆ ಪೌಡರ್ ಬಳಿದುಕೊಂಡು ಫೋಟೋ ತೆಗೆಸಿಕೊಳ್ಳುವ ಮದುವೆ ಜೋಡಿಗಳು. "ಹೂವು ಕೀಳಬಾರದು" ಅಂತ ಬೋರ್ಡು ಹಾಕಿದ್ದಾರೆ. ಆ ಬೋರ್ಡಿಗೇ ಒರಗಿಕೊಂಡು ಹೂವು ಕೀಳುತ್ತಾರೆ. ಇರಲಿ, ಅದೊಂದು ಬೇರೆ ಕತೆ.

ಹನುಮಯ್ಯ ಹುಟ್ಟಿದ್ದೇ ಈ ತೋಟದ ಒಳಗಿನ ಮಾಲಿ ಕ್ವಾರ್ಟರ್ಸ್‌ನಲ್ಲಿ. ಅಪ್ಪ ಮಾಲಿ, ತಾತ ಮಾಲಿ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟು ಕುಡುಗೋಲು ಹಿಡಿದವರು. ನಮ್ಮ ಅಕ್ಕ ಈಶ್ವರಮ್ಮನನ್ನು ನೋಡಲು ನಮ್ಮ ಮನೆಗೆ ಬಂದಾಗ ನಾನು ಚಿಕ್ಕವನು. ಗಂಡು ಹುಡುಗಿಯ ಮುಖ ನೋಡುವುದು ಬಿಟ್ಟು ಹಿತ್ತಲಿಗೆ ಹೋಗಿ ಕರಿಬೇವಿನ ಗಿಡ ನೋಡುತ್ತಾ ನಿಂತಿತು. "ಇದಕ್ಕೆ ಬಿಸ್ಲು ಸಾಲ್ದು, ಎತ್ತಿ ಆ ಮೂಲೆಗೆ ಆಕಿ" ಅಂತ ಹೇಳಿ, ಕಾಫಿ ಕುಡಿದು ಹೊರಟೇಬಿಟ್ಟಿತು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಅಂತ ನಮ್ಮಮ್ಮ ನಕ್ಕಿದ್ದೇ ನಕ್ಕಿದ್ದು. ಅಕ್ಕ ಮಾತ್ರ ಆಗಲೇ ಒಪ್ಪಿಬಿಟ್ಟಿದ್ದಳು. ಗಿಡದ ಮೇಲೆ ಇಷ್ಟು ಕರುಣೆ ಇರುವವರು ನನ್ನನ್ನು ಹೊಡೆಯಲಾರರು ಅಂದಳಂತೆ. ಅವಳ ಲೆಕ್ಕ ತಪ್ಪಲಿಲ್ಲ. ಮಕ್ಕಳಾಗಲಿಲ್ಲ ಅನ್ನುವುದೊಂದು ಬಿಟ್ಟರೆ ಆ ಮನೆಯಲ್ಲಿ ಒಂದು ದಿನ ಗಟ್ಟಿ ಮಾತು ನಾನು ಕೇಳಿದವನಲ್ಲ.

ತೋಟದಲ್ಲಿ ಅವರದ್ದು ಒಂದು ಪದ್ಧತಿ ಇತ್ತು. ಮರಕ್ಕೆ ಹೇಳುವುದು ಅಂತ ಅದಕ್ಕೆ ಹೆಸರು. ಯಾವ ಮರವನ್ನಾದರೂ ಬುಡಸಮೇತ ಕಡಿಯಬೇಕು ಅಂದರೆ, ಹಿಂದಿನ ದಿನ ಹೊತ್ತು ಮುಳುಗುವ ಮುಂಚೆ ಬುಡ ತೊಳೆದು, ಅರಿಶಿನ ಕುಂಕುಮ ಇಟ್ಟು, ಎರಡು ವೀಳ್ಯದೆಲೆ ಒಂದು ಅಡಿಕೆ ಇಟ್ಟು, ಕೊಡಲಿಯನ್ನು ಬುಡಕ್ಕೆ ಒರಗಿಸಿ ನಿಲ್ಲಿಸಬೇಕು. ಆಮೇಲೆ ಒಳಗಿರುವವರಿಗೆ ಹೇಳಬೇಕು: "ನಾಳೆ ಈ ಮನೆ ಬೀಳ್ತದೆ. ನಿಮಗೆ ಇಂಥಾ ಮರದಲ್ಲಿ ಜಾಗ ಮಾಡಿವ್ನಿ, ಅಲ್ಲಿಗೆ ಓಗಿ." ಹೋಗಬೇಕಾದ ಮರ ಯಾವುದು ಅಂತ ಹೇಳಲೇಬೇಕು. ಹೇಳಿ, ಆ ಮರದ ಹತ್ತಿರ ಹೋಗಿ ಅಂಗೈಯಿಂದ ಮೂರು ಸಲ ತಟ್ಟಬೇಕು. ಬೆಳಿಗ್ಗೆ ಕೊಡಲಿ ನಿಂತ ಹಾಗೇ ನಿಂತಿದ್ದರೆ ಒಳಗಿನವರು ಖಾಲಿ ಮಾಡಿದ್ದಾರೆ, ಕಡಿಯಬಹುದು. ಬಿದ್ದಿದ್ದರೆ ಹೋಗಿಲ್ಲ. ಎಂಟು ದಿನ ಬಿಟ್ಟು ಮತ್ತೆ ಕೇಳಬೇಕು.

ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಚೇಷ್ಟೆ ಮಾಡುತ್ತಿದ್ದೆ. "ಯಾರು ಭಾವ ಒಳಗಿರೋದು? ದೆವ್ವಾನಾ?"

"ಬಾಯ್ಮುಚ್ಚೋ. ಅಂಗನ್ಬಾರ್ದು. ಇರೋರು ಅನ್ನು."

"ಹೇಳದೆ ಕಡಿದ್ರೆ ಏನ್ ಮಾಡ್ತಾರೆ ಇರೋರು?"

"ಏನೂ ಮಾಡಲ್ಲ. ಜಾಗ ಸಿಗ್ದೋರು, ಅತ್ರ ಯಾರು ನಿಂತವ್ರೋ ಅವರ ಮೇಲೆ ಕೂತ್ಕತಾರೆ. ಅಷ್ಟೇ."

ಆ "ಅಷ್ಟೇ" ಅನ್ನುವುದನ್ನು ಅವರು ಹೇಳಿದ ರೀತಿಗೆ ನನ್ನ ನಗು ಅರ್ಧಕ್ಕೇ ನಿಂತಿತ್ತು. ಸೊಣ್ಣಪ್ಪ ಅಂತ ಒಬ್ಬ ಹಳೇ ಮಾಲಿ ಯಾವುದೋ ಕಾಲದಲ್ಲಿ ಹೇಳದೆ ಒಂದು ನೇರಳೆ ಮರ ಕಡಿದಿದ್ದನಂತೆ. ಆಮೇಲೆ ಮೂರು ವರ್ಷ ಗಟ್ಟಿಮುಟ್ಟಾಗಿಯೇ ಬದುಕಿದ್ದ. ಆದರೆ ಕಟ್ಟಿಕೊಂಡ ಹೆಂಡತಿಯೇ ಅವನ ಪಕ್ಕ ಕೂರಲು ಹೆದರುತ್ತಿದ್ದಳಂತೆ.

ನಾನು ಬಂದ ಮೇಲೆ ತೋಟದಲ್ಲಿ ಮರ ಉರುಳಿದ್ದಕ್ಕೆ ಲೆಕ್ಕವೇ ಇಲ್ಲ. ರಸ್ತೆ ಅಗಲ ಮಾಡಲು ಒಂದು ಸಾಲು, ಕಾಂಪೌಂಡಿಗೆ ಒಂದು ಸಾಲು, ಪಾರ್ಕಿಂಗ್, ಟಾಯ್ಲೆಟ್ಟು, ಸಂಗೀತ ಕಾರಂಜಿ. ಕಾರಂಜಿ ಎರಡು ತಿಂಗಳು ಹಾಡಿ ಸುಮ್ಮನಾಯಿತು. ಹೋದ ಮರ ಮಾತ್ರ ಹೋಯಿತು. ಪ್ರತಿ ಸಲವೂ ಭಾವ ಹಿಂದಿನ ಸಂಜೆ ಎಲೆ ಅಡಿಕೆ ಹಿಡಿದು ಹೋಗುತ್ತಿದ್ದರು. ಮೊದಮೊದಲು ಇರೋರನ್ನು ಒಂದೊಂದು ಮರಕ್ಕೆ ಹಂಚುತ್ತಿದ್ದರು. ಬರಬರುತ್ತಾ ಯಾವ ಮರ ಎಂದು ಬೀಳುತ್ತದೋ ಗೊತ್ತಿಲ್ಲದ ಹಾಗಾಯಿತು. ಇವತ್ತು ಇಲ್ಲಿಗೆ ಕಳಿಸಿದರೆ ನಾಳೆ ಅಲ್ಲಿಂದಲೂ ಎಬ್ಬಿಸಬೇಕು. ಬಾಡಿಗೆ ಮನೆಯವರನ್ನು ಓಡಿಸಿದಂಗೆ ಓಡಿಸೋದು ಪಾಪ ಕಣೋ ಅಂತ, ಎಲ್ಲರನ್ನೂ ಒಂದೇ ಕಡೆ ಕಳಿಸತೊಡಗಿದರು. ರಾಜಕಾಲುವೆ ದಡದ ಗೋಣಿ ಮರಕ್ಕೆ.

ನಾಲ್ಕು ಆಳು ಕೈಕೈ ಹಿಡಿದರೂ ತಬ್ಬಲಾಗದ, ಆಲದ ಜಾತಿಯ ಮರ ಅದು. ತೋಟಕ್ಕಿಂತ ಹಳೆಯದು. ಗೋಣಿ ಮರವನ್ನು ಯಾರೂ ಮುಟ್ಟುವುದಿಲ್ಲ ಅನ್ನುವ ಧೈರ್ಯ ಭಾವನಿಗೆ. ಹೀಗೆ ಅರವತ್ತಕ್ಕೂ ಹೆಚ್ಚು ಮರಗಳ ಇರೋರೆಲ್ಲ ಆ ಒಂದು ಮರಕ್ಕೆ ಹೋದರು.

ಕೊನೆಕೊನೆಗೆ ಆ ಮರದ ರೀತಿ ಕೆಟ್ಟಿತು. ಕೆಂಪಗೆ ಹಣ್ಣು ಬಿಡುತ್ತಿತ್ತು, ಒಂದು ಹಕ್ಕಿ ಬರುತ್ತಿರಲಿಲ್ಲ. ಹಣ್ಣು ಉದುರಿ ಕೊಳೆತರೂ ಒಂದು ಇರುವೆ ಹತ್ತಿರ ಸುಳಿಯುತ್ತಿರಲಿಲ್ಲ. ಪಕ್ಕದ ಆಫೀಸಿನ ಮೇಡಂ ಒಬ್ಬರು ಅದರ ಕೆಳಗಿನ ಕಲ್ಲುಬೆಂಚಿನಲ್ಲಿ ಕೂತು ಫೋನಿನಲ್ಲಿ ಮೀಟಿಂಗು ಮಾಡುತ್ತಿದ್ದರು. ಒಂದು ದಿನ ಬಿಳಿಚಿಕೊಂಡು ಗೇಟಿಗೆ ಬಂದರು. "ಅಣ್ಣ, ಆ ಮರದ ಹಿಂದೆ ಏನಾದ್ರೂ ಫಂಕ್ಷನ್ ನಡೀತಿದ್ಯಾ?" ಇಲ್ಲ ಮೇಡಂ ಅಂದೆ. "ಇಲ್ಲ, ಆ ಕಡೆಯಿಂದ ನಮ್ಮ ಮ್ಯಾನೇಜರ್ ಕೇಳಿದ್ರು, ಎಲ್ಲಿದೀರಾ ನೀವು, ಮದುವೆ ಮನೇಲಾ, ಎಷ್ಟೊಂದು ಜನ ಮಾತಾಡ್ತಿದಾರಲ್ಲ ಅಂತ." ಆಮೇಲೆ ಅವರು ತೋಟಕ್ಕೆ ಬರಲಿಲ್ಲ.

ನಾನೂ ಒಂದು ಮಟಮಟ ಮಧ್ಯಾಹ್ನ ಪರೀಕ್ಷೆ ಮಾಡಿದೆ. ಟಿಫಿನ್ ಬಾಕ್ಸು ಹಿಡಿದು ಆ ಬೆಂಚಿನಲ್ಲಿ ಕೂತೆ. ಗಾಳಿ ಇಲ್ಲ, ಆದರೂ ಮೇಲೆ ಎಲೆಗಳೆಲ್ಲ ಒಂದೇ ಸಮ ಅಲುಗುತ್ತಿದ್ದವು. ಯಾರದೋ ಮನೆಗೆ ಹೇಳದೆ ಕೇಳದೆ ನುಗ್ಗಿ, ಊಟಕ್ಕೆ ಕೂತುಬಿಟ್ಟ ಹಾಗೆ ಅನ್ನಿಸಿತು. ಎರಡು ತುತ್ತು ತಿಂದವನು ಮುಚ್ಚಳ ಹಾಕಿಕೊಂಡು ಎದ್ದು ಬಂದೆ. ಭಾವನಿಗೆ ಹೇಳಿದರೆ ಅವರ ಮುಖ ಸಣ್ಣಗಾಯಿತು.

"ತುಂಬೋಗದೆ ಕಣೋ ಅದು. ಒಳಗೆ ನಿಂತ್ಕಳಕ್ಕೂ ಜಾಗ ಇಲ್ಲ. ನಾನೇ ತುಂಬಿದ್ದು. ಇನ್ನೊಂದು ಮರಾನೂ ಅದಕ್ಕೆ ಆಕಲ್ಲ" ಅಂದರು.

ಈಗ ನನ್ನ ವಿಷಯ. ಹೋದ ವರ್ಷದ ಹಿಂದಿನ ಮಳೆಗಾಲ. ನಮ್ಮ ಮನೆ ಬೇಗೂರಿನ ತಗ್ಗಿನಲ್ಲಿದೆ. ರಾಜಕಾಲುವೆ ಉಕ್ಕಿ, ಆ ಕಪ್ಪು ಗಲೀಜು ನೀರು ಒಂದು ಗಂಟೆಯಲ್ಲಿ ಮನೆಯೊಳಗೆ ಮೊಣಕಾಲು ಮಟ್ಟ ಬಂತು. ನಮ್ಮಮ್ಮ ಎದ್ದು ಓಡಾಡುವ ಸ್ಥಿತಿಯಲ್ಲಿರಲಿಲ್ಲ. ಮಂಚದ ಮೇಲೆ ಮಲಗಿದ್ದವಳ ಬೆನ್ನಿಗೆ ನೀರು ತಾಗುತ್ತಿತ್ತು. ನಾನು ಹೆಗಲ ಮೇಲೆ ಹೊತ್ತು ತಂದು ಶಾಲೆಯ ಜಗುಲಿಯಲ್ಲಿ ಮಲಗಿಸಿದೆ. "ಚಳಿ ಕಣೋ ಮುನಿರಾಜ, ಚಳಿ" ಅನ್ನುತ್ತಲೇ ಇದ್ದಳು. ಎದೆಗೆ ಶೀತ ಇಳಿದು ಇಪ್ಪತ್ತು ದಿನಕ್ಕೆ ಹೋದಳು. ಕಾಲುವೆ ನೋಡಲು ಬಂದ ಎಂಜಿನಿಯರುಗಳು, ತೋಟದ ಹಿಂದೆ ಗೋಣಿ ಮರದ ಹತ್ತಿರ ಕಾಲುವೆಯ ಕತ್ತು ಹಿಸುಕಿದ ಹಾಗಿದೆ, ಬೇರು ಗೋಡೆಯನ್ನೇ ಒಳಕ್ಕೆ ತಳ್ಳಿದೆ, ನೀರು ಹಿಂದಕ್ಕೆ ಹೊಡೆಯುವುದು ಅಲ್ಲೇ ಅಂದರು. ಅವತ್ತಿನಿಂದ ಆ ಮರ ಕಂಡರೆ ನನ್ನ ಮೈಯೆಲ್ಲ ಉರಿಯುತ್ತಿತ್ತು. ಭಾವನ ಎದುರು ಹೇಳಲಿಲ್ಲ. ಮನಸ್ಸಿನಲ್ಲಿ ಮಾತ್ರ, ನಿನ್ನ ಬುಡ ಕಡಿಯಾ, ನಮ್ಮಮ್ಮನನ್ನು ತಿಂದೆಯಲ್ಲ ಅಂತ ದಿನಾ ಬೈದಿದ್ದೇನೆ.

ಈ ವರ್ಷ ಮಾರ್ಚಿನಲ್ಲಿ ಕಾಲುವೆ ಅಗಲ ಮಾಡಲು ಆದೇಶ ಬಂತು. ತೋಟಗಾರಿಕೆಯ ಆಫೀಸರು ಭಾನುಪ್ರಕಾಶ್ ಅಂತ, ಚಿಕ್ಕ ವಯಸ್ಸಿನವರು. ಕೆಟ್ಟವರಲ್ಲ. ಅವರೇ ಬಂದು ಗೋಣಿ ಮರದ ಮೇಲೆ ಕೆಂಪು ಬಣ್ಣದಲ್ಲಿ ನಂಬರು ಹಾಕಿಸಿದರು. ಭಾವ ಅವರ ಹಿಂದೆ ಹಿಂದೆಯೇ ಓಡಾಡಿದರು.

"ಸಾರ್, ಇದೊಂದು ಬುಟ್ಬುಡಿ. ಕಾಲುವೆ ಆಚೆ ಕಡೆಗೆ ಒಸಿ ತಿರುಗ್ಸಿ ಸಾರ್."

"ಆಚೆ ಕಡೆ ಅಪಾರ್ಟ್‌ಮೆಂಟ್ ಫೌಂಡೇಶನ್ ಇದೆ ಹನುಮಯ್ಯ. ಮಳೆ ಶುರುವಾಗೋದ್ರೊಳಗೆ ಮುಗಿಸ್ಬೇಕು, ಮೇಲಿಂದ ದಿನಾ ಫೋನ್ ಬರ್ತಿದೆ. ನಿಮ್ಮ ಪೂಜೆ ಏನಿದ್ಯೋ ಮಾಡ್ಕೊಳ್ಳಿ, ನಾನು ಬೇಡ ಅನ್ನಲ್ಲ. ಬುಧವಾರ ಕಡೀಲೇಬೇಕು."

"ಬುಧವಾರ ಒಪ್ಪಿಗೆ ಸಿಗ್ದಿದ್ರೆ?"

"ಯಾರ ಒಪ್ಪಿಗೆ? ಪರ್ಮಿಷನ್ ಎಲ್ಲಾ ಬಂದಿದೆಯಲ್ಲ" ಅಂದರು ಅವರು.

ಮರ ಕಡಿಯಲು ಬಂದವನು ಮರೆಪ್ಪ, ಯಾದಗಿರಿ ಕಡೆಯವನು. ಕೈಯಲ್ಲಿ ಕೊಯ್ಯುವ ಮೆಷಿನ್ನು. ಜೊತೆಗೆ ಹೆಂಡತಿ ಸವಿತಾ, ತುಂಬಿದ ಬಸುರಿ. ನರ್ಸರಿ ಪಕ್ಕದ ಶೆಡ್ಡಿನಲ್ಲಿ ಇಬ್ಬರೂ ಇಳಿದುಕೊಂಡರು. ಭಾವ ಹೋಗಿ ಎಲ್ಲವನ್ನೂ ವಿವರಿಸಿದಾಗ ಮರೆಪ್ಪ ನಗಲಿಲ್ಲ. "ನಮ್ಮ ಕಡೀಗೂ ಹಿಂಗ ಮಾಡ್ತಾರ್ರಿ ಯಪ್ಪಾ. ಕೇಳದ ಕಡಿಯಂಗಿಲ್ಲ. ನೀವು ಹೂಂ ಅನ್ನೂತನ ನಾ ಮೆಷಿನ್ ಮುಟ್ಟಂಗಿಲ್ಲ" ಅಂದ.

ಹೇಳುವುದೇನೋ ಸರಿ, ಕಳಿಸುವುದೆಲ್ಲಿಗೆ? ಮಂಗಳವಾರ ಇಡೀ ದಿನ ಭಾವ ಒಂಬತ್ತು ಎಕರೆ ಸುತ್ತಿದರು. ಒಂದೊಂದು ಮರದ ಮುಂದೆಯೂ ನಿಂತು, ಅಂಗೈ ಇಟ್ಟು, ತಲೆ ಅಲ್ಲಾಡಿಸಿ ಮುಂದೆ ಹೋಗುತ್ತಿದ್ದರು. ಉಳಿದಿರುವುದೆಲ್ಲ ಗುತ್ತಿಗೆಯವರು ತಂದು ನೆಟ್ಟ ಶೋಕಿ ಪಾಮ್ ಗಿಡಗಳು. "ಪಾಮ್‌ನಾಗೆ ಯಾರೋ ಕೂತ್ಕತಾರೆ, ಕೊಂಬೇನೇ ಇಲ್ವಲ್ಲೋ" ಅಂದರು. ಹೇಳುವಾಗ ಅವರಿಗೂ ನಗು ಬಂತು, ನನಗೂ ಬಂತು. ನಾವಿಬ್ಬರೂ ಸೇರಿ ನಕ್ಕಿದ್ದು ಅದೇ ಕೊನೆ. ಕಡೆಗೆ ನರ್ಸರಿಯ ಹಿಂದೆ ಒಂದು ಹಲಸಿನ ಮರ, ಹದಿನೈದು ವರ್ಷದ್ದು, ಅದಕ್ಕೆ ಗೊತ್ತು ಮಾಡಿದರು. ಸಾಲದು ಅಂತ ಅವರಿಗೂ ಗೊತ್ತಿತ್ತು. ಸಂಜೆ ಗೋಣಿ ಮರದ ಬುಡ ತೊಳೆದು, ಎಲೆ ಅಡಿಕೆ ಇಟ್ಟು, ಕೊಡಲಿ ಒರಗಿಸಿ, ತುಂಬಾ ಹೊತ್ತು ಮಾತಾಡಿದರು. ನಾನು ಗೇಟಿನಿಂದ ನೋಡುತ್ತಿದ್ದೆ. ಮನೆ ಖಾಲಿ ಮಾಡಿಸಲು ಬಂದವನು ಮಾತಾಡುವ ಹಾಗಿರಲಿಲ್ಲ, ಕೈ ಮುಗಿದು ಬೇಡಿಕೊಳ್ಳುತ್ತಿದ್ದರು.

ಬುಧವಾರ ಬೆಳಕು ಹರಿಯುವ ಹೊತ್ತಿಗೆ ಗೇಟು ತೆರೆದು, ನಾನು ನೆಟ್ಟಗೆ ಅಲ್ಲಿಗೆ ಹೋದೆ. ಯಾಕೆ ಹೋದೆ ಅಂತ ಕೇಳಿದರೆ, ಹೋಗಬೇಕು ಅನ್ನಿಸಿತು, ಹೋದೆ. ಕೊಡಲಿ ಬಿದ್ದಿತ್ತು.

ಎಲೆ ಅಡಿಕೆ ಇಟ್ಟ ಹಾಗೇ ಇತ್ತು. ಕುಂಕುಮ ಅಳಿಸಿರಲಿಲ್ಲ. ಕೊಡಲಿ ಮಾತ್ರ ಅಂಗಾತ ಬಿದ್ದಿತ್ತು. ಯಾವುದೋ ನಾಯಿ ಉಜ್ಜಿಕೊಂಡು ಹೋಗಿರಬೇಕು ಅಂದುಕೊಂಡೆ. ಆ ಮರದ ಹತ್ತಿರ ನಾಯಿ ಹೋಗಿ ಎಷ್ಟು ವರ್ಷವಾಯಿತು ಅಂತ ನನಗೆ ಗೊತ್ತು, ಆದರೂ ಹಾಗೇ ಅಂದುಕೊಂಡೆ. ಈಗ ಬಿಟ್ಟರೆ ಎಂಟು ದಿನ. ಆಗಲೂ ಬಿದ್ದರೆ ಇನ್ನೆಂಟು ದಿನ. ಹೀಗೇ ಮುಂದಕ್ಕೆ ಹೋದರೆ ಮಳೆ ಬರುತ್ತದೆ, ಕೆಲಸ ನಿಲ್ಲುತ್ತದೆ, ಮತ್ತೆ ನಮ್ಮ ಮನೆಗೆ ನೀರು. ಅಮ್ಮನ "ಚಳಿ ಕಣೋ" ಕಿವಿಯಲ್ಲಿ ಗುಂಯ್ ಅಂದಿತು. ಸರ್ರನೆ ಬಗ್ಗಿ ಕೊಡಲಿ ಎತ್ತಿದೆ. ಎರಡು ಕೈ ಹಾಕಿದರೂ ಏಳಲೊಲ್ಲದು, ಅಷ್ಟು ಭಾರ. ಹೇಗೋ ಎತ್ತಿ ಬುಡಕ್ಕೆ ಒರಗಿಸಿದೆ. ಬೆನ್ನು ತಿರುಗಿಸುವಷ್ಟರಲ್ಲಿ ದೊಪ್ಪನೆ ಬಿತ್ತು. ಮತ್ತೆ ಒರಗಿಸಿದೆ, ನನ್ನ ಕಣ್ಣೆದುರೇ ನಿಧಾನಕ್ಕೆ ಜಾರಿ ಬಿತ್ತು. ನನಗೆ ರೋಷ ಹತ್ತಿತು. ಮೂರನೇ ಸಲ ಅದರ ಬಾಯಿಯನ್ನು ಮಣ್ಣಿಗೆ ಇಟ್ಟು, ಬೂಟುಗಾಲಿನಿಂದ ತುಳಿದು ಒಳಕ್ಕೆ ನೆಟ್ಟೆ. ನಿಂತಿತು. ಮೇಲೆ ಎಲೆಗಳೆಲ್ಲ ಒಮ್ಮೆಗೇ ಅಲುಗುವುದನ್ನು ನಿಲ್ಲಿಸಿದವು. ಹಿಂದಕ್ಕೆ ನೋಡದೆ ಗೇಟಿಗೆ ಓಡಿಬಂದೆ.

ಭಾವ ಬಂದರು. ಕೊಡಲಿ ನಿಂತಿದ್ದನ್ನು ಕಂಡು ಅವರ ಕಣ್ಣಲ್ಲಿ ನೀರು ಬಂತು. "ದೊಡ್ಡೋರು ಕಣಪ್ಪಾ ನೀವು, ಆ ಸಣ್ಣ ಮರದಾಗೆ ಒಂದ್ಕೊಂಡ್ರಲ್ಲ" ಅಂತ ಮರಕ್ಕೆ ಅಡ್ಡಬಿದ್ದರು. ನೋಡಿದ ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಆಗಲೂ ಬಾಯಿಬಿಡಲಿಲ್ಲ.

ಮರೆಪ್ಪ ಶುರು ಮಾಡಿದ. ಹತ್ತು ಗಂಟೆಗೆ ಹಿಡಿದವನು ಮಧ್ಯಾಹ್ನ ಹನ್ನೆರಡಾದರೂ ಅರ್ಧ ಬುಡ ದಾಟಿರಲಿಲ್ಲ. ಎರಡು ಸಲ ಮೆಷಿನ್ನು ತಾನಾಗಿಯೇ ನಿಂತಿತು. ಗೋಣಿ ಮರದ ಹಾಲು ಬಿಳಿಯಾಗಿ ಸುರಿಯಬೇಕು, ಇದರಲ್ಲಿ ಒಂದು ಹನಿ ಬರಲಿಲ್ಲ. ಭಾನುಪ್ರಕಾಶ್ ಸಾರ್ ದೂರದಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದರು. ಅಷ್ಟರಲ್ಲಿ ಸವಿತಾ ಗಂಡನಿಗೆ ಬುತ್ತಿ ತಂದಳು. ಒಂದು ಕೈಯಲ್ಲಿ ರೊಟ್ಟಿ ಗಂಟು, ಇನ್ನೊಂದು ಕೈ ಸೊಂಟದ ಮೇಲೆ, ನಿಧಾನಕ್ಕೆ ನಡೆಯುತ್ತಾ ಮರದ ಹತ್ತಿರ ಹತ್ತಿರಕ್ಕೆ ಹೋದಳು. ಭಾವ ಹಿಂದೆ ಹೇಳಿದ್ದು ನೆನಪಾಯಿತು. ಹತ್ತಿರ ಯಾರು ನಿಂತಿರುತ್ತಾರೋ ಅವರ ಮೇಲೆ. ಆ ಹೊಟ್ಟೆಯೊಳಗಿನ ಕೂಸು ಏನು ಮಾಡಿತ್ತು ಯಾರಿಗೆ?

ಭಾವನ ಹತ್ತಿರ ಓಡಿ, ಅವರ ಕಿವಿಗೆ ಬಾಯಿಟ್ಟು ಹೇಳಿದೆ. "ಭಾವ, ಕೊಡಲಿ ಬಿದ್ದಿತ್ತು. ನಾನೇ ನಿಲ್ಲಿಸಿದ್ದು." ಮೆಷಿನ್ನಿನ ಸದ್ದಿನಲ್ಲಿ ಬೇರೆ ಯಾರಿಗೂ ಕೇಳಿಸಲಿಲ್ಲ. ಹೊಡೆಯುತ್ತಾರೆ ಅಂದುಕೊಂಡೆ. ಅವರು ಫಕ್ಕನೆ ನನ್ನ ಬಾಯಿಯನ್ನು ಅಂಗೈಯಿಂದ ಮುಚ್ಚಿ, ಮರದ ಕಡೆ ನೋಡಿದರು. "ಇನ್ನೊಂದ್ಸಲ ಈ ಮಾತು ಎಲ್ಲೂ ಆಡ್ಬೇಡ" ಅಂದರು. ಅಷ್ಟೇ ಅಂದಿದ್ದು.

ಆಮೇಲೆ ಅವರು ನಡೆದು ಹೋದರು. ಓಡಲಿಲ್ಲ. ಮರೆಪ್ಪನ ಭುಜ ತಟ್ಟಿ ಮೆಷಿನ್ನು ನಿಲ್ಲಿಸಲು ಹೇಳಿದರು. "ನಿನ್ನ ಎಂಡ್ರನ್ನ ಕರ್ಕಂಡು ಗೇಟಿನ ಆಚೆಗೆ ಓಗು. ಕರೆಯೋಗಂಟ ಬರಬೇಡ." ಮರೆಪ್ಪ ಅವರ ಮುಖ ನೋಡಿ, ಸವಿತಾಳ ಕೈ ಹಿಡಿದು ಕರೆದುಕೊಂಡು ಹೋದ. ನನಗೂ ಕೈಸನ್ನೆ ಮಾಡಿ ಹೋಗು ಅಂದರು. ನಾನು ಇಪ್ಪತ್ತು ಮಾರು ಹಿಂದಕ್ಕೆ ಹೋಗಿ ನಿಂತೆ. ಭಾವ ಮರ ವಾಲಿದ ಕಡೆಗಲ್ಲ, ಅದರ ಬೆನ್ನಿನ ಕಡೆಗೆ ಹೋಗಿ, ಬುಡಕ್ಕೆ ಅಂಗೈ ಇಟ್ಟು ಗಟ್ಟಿಯಾಗಿ ಹೇಳಿದರು.

"ತೋಟದಾಗೆ ಎಲ್ಲೂ ಜಾಗ ಇಲ್ಲ. ನಾನು ಇದೀನಿ. ಎಲ್ಲಾ ನನ್ನ ಅತ್ರ ಬನ್ನಿ."

ಹೇಳಿ, ತಮ್ಮ ಎದೆಯನ್ನು ಮೂರು ಸಲ ತಟ್ಟಿಕೊಂಡರು.

ಮೆಷಿನ್ನು ನಿಂತು ಆಗಲೇ ಎಷ್ಟೋ ಹೊತ್ತಾಗಿತ್ತು. ಅರ್ಧ ಬುಡ ಇನ್ನೂ ಗಟ್ಟಿಯಾಗಿತ್ತು. ಆ ಮರ ತಾನಾಗಿಯೇ ಬಿತ್ತು. ಸೀಳಿದ ಸದ್ದು ಬರಲಿಲ್ಲ. ದೊಡ್ಡ ಊಟದಲ್ಲಿ ಒಂದು ಪಂಕ್ತಿ ಪೂರ್ತಿ ಒಟ್ಟಿಗೇ ಎದ್ದ ಸದ್ದು ಬಂತು, ಆಮೇಲೆ ಧೂಳು. ಧೂಳು ಇಳಿದ ಮೇಲೆ ನೋಡಿದರೆ ಭಾವ ನಿಂತಲ್ಲೇ ನಿಂತಿದ್ದರು, ಮೈಮೇಲೆ ಒಂದು ಗೀರು ಇಲ್ಲ. "ನೋಡಿದ್ರಾ, ಏನೂ ಆಗ್ಲಿಲ್ಲ" ಅಂತ ಭಾನುಪ್ರಕಾಶ್ ಸಾರ್ ಅವರ ಕೈ ಕುಲುಕಲು ಹೋದವರು, ಎರಡು ಹೆಜ್ಜೆ ದೂರದಲ್ಲೇ ನಿಂತುಬಿಟ್ಟರು. ಯಾಕೆ ಅಂತ ಅವರಿಗೂ ತಿಳಿಯಲಿಲ್ಲ. ಚಾಚಿದ ಕೈಯನ್ನು ಜೇಬಿಗೆ ಹಾಕಿಕೊಂಡು ವಾಪಸು ಹೋದರು.

ಸವಿತಾಗೆ ಹೆರಿಗೆಯಾಯಿತು, ಹೆಣ್ಣು ಮಗು, ಗುಂಡಗಿದೆ. ಕಾಲುವೆ ಕೆಲಸ ಜೂನಿಗೆ ಮುಗಿಯಿತು. ಭಾವ ಕೆಲಸಕ್ಕೆ ಬರುವುದು ಬಿಟ್ಟರು. ನಾನು ಅವರ ಕ್ವಾರ್ಟರ್ಸ್ ಕಡೆಗೆ ಹೋಗುವುದು ಬಿಟ್ಟೆ. ದಿನಾ ಗೇಟಿಗೆ ಬರುತ್ತಿದ್ದೆ, ಇನ್ನೂರು ಹೆಜ್ಜೆ ದೂರದ ಅಕ್ಕನ ಮನೆಗೆ ಹೋಗುತ್ತಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ನನ್ನದು ಅದೇ ಬಾಳು.

ಸೆಪ್ಟೆಂಬರಿನಲ್ಲಿ ಒಂದು ಮಧ್ಯಾಹ್ನ ಮಳೆ ಹಿಡಿಯಿತು. ಎರಡು ವರ್ಷದ ಹಿಂದೆ ಬಂದಿತ್ತಲ್ಲ, ಅಂಥದೇ ಮಳೆ. ನಾನು ಎದ್ದೆನೋ ಬಿದ್ದೆನೋ ಅಂತ ಮನೆಗೆ ಓಡಿದೆ. ಬೀದಿಯಲ್ಲಿ ನೀರು ಹರಿಯುತ್ತಿತ್ತು, ನಿಲ್ಲುತ್ತಿರಲಿಲ್ಲ. ಹೊಸ್ತಿಲು ಕೂಡ ಒದ್ದೆಯಾಗಿರಲಿಲ್ಲ. ಅಲ್ಲೇ ಕೂತು ಸ್ವಲ್ಪ ಹೊತ್ತು ಅತ್ತೆ. ಆಮೇಲೆ ಎದ್ದು, ಏನಾದರಾಗಲಿ ಅಂತ ಅಕ್ಕನ ಮನೆಗೆ ಹೋದೆ.

ಭಾವ ಅಂಗಳದ ಆ ತುದಿಯಲ್ಲಿ ಮಳೆಯಲ್ಲೇ ನಿಂತಿದ್ದರು. ಅಕ್ಕ ಬಾಗಿಲಲ್ಲಿ ಕೂತು ಅವರನ್ನೇ ನೋಡುತ್ತಿದ್ದಳು. ಎಷ್ಟು ಬಡವಾಗಿದ್ದಳು ಅಂದರೆ ನನಗೆ ಗುರುತೇ ಹತ್ತಲಿಲ್ಲ.

"ಒಳಗೆ ಕರೆಯಬಾರದಾ ಅಕ್ಕ?"

"ಕರೀದೆ ಇರ್ತೀನೇನೋ? ಆವತ್ತಿಂದ ಒಂದು ದಿನ ಒಳಗೆ ಕಾಲಿಟ್ಟಿಲ್ಲ. ಟಾರ್ಪಾಲ್ ಕಟ್ದೆ, ನಾನು ಅದರ ಕೆಳಗೆ ಬಂದ್ರೆ ಅವರು ಎದ್ದು ಆಚೆ ಓಗ್ತಾರೆ. ಮುದ್ದೆ ಅಲ್ಲಿ ಕಲ್ಲಿನ ಮೇಲೆ ಇಟ್ಟು ದೂರ ಬರ್ಬೇಕು. ಯಾಕ್ರೀ ಇಂಗೆ ಅಂದ್ರೆ, ನಾನೊಬ್ನೇ ಬರೋದಾಗಿದ್ರೆ ಬರ್ತಿದ್ದೆ ಈಶ್ವರಿ ಅಂತಾರೆ."

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು ದನಿ ತಗ್ಗಿಸಿದಳು.

"ಅಗ್ಲೂ ರಾತ್ರಿ ಜಗಳ ಆಡ್ತಾರೆ ಕಣೋ, ಒಬ್ರೇ ನಿಂತು. 'ಎಸ್ರು ಏಳಲ್ಲ ಅಂದ್ರೆ ಏಳಲ್ಲ. ಯಾರು ನಿಲ್ಸಿದ್ದು ಅಂತ ನನ್ನ ಕೇಳ್ಬೇಡಿ, ನನಗೆ ಗೊತ್ತಿಲ್ಲ' ಅಂತಾರೆ. ಯಾರದೋ ಎಸ್ರು ಕೇಳ್ತಾವ್ರಂತೆ ಆ ಇರೋರು. ಎಸ್ರು ಏಳ್ಬುಟ್ರೆ ಇವರನ್ನ ಬುಟ್ಟು ಅಲ್ಲಿಗೆ ಓಗ್ತಾರಂತೆ. ಯಾರೋ ಅದು ಮುನಿರಾಜ? ಗೇಟಲ್ಲೇ ಇರ್ತೀಯಲ್ಲ, ನಿನಗೇನಾದ್ರೂ ಗೊತ್ತಾ?"

ನಾನು ಅಂಗಳಕ್ಕಿಳಿದೆ. ಹೇಳಿಬಿಡುತ್ತೇನೆ, ನಾನೇ ಅಂತ ಕೂಗಿ ಹೇಳಿಬಿಡುತ್ತೇನೆ, ನನ್ನ ಅಕ್ಕನಿಗೆ ಅವಳ ಗಂಡ ಸಿಗಲಿ ಅಂದುಕೊಂಡೇ ಇಳಿದದ್ದು. ದೇವರಾಣೆ, ಹಾಗೇ ಅಂದುಕೊಂಡಿದ್ದೆ. ಹತ್ತು ಹೆಜ್ಜೆ ದೂರಕ್ಕೆ ಹೋಗುವಷ್ಟರಲ್ಲಿ ಭಾವ ತಲೆ ಎತ್ತಿ ನೋಡಿದರು. ನನ್ನನ್ನು ನೋಡಿದ್ದು ಅವರೊಬ್ಬರೇ ಅಲ್ಲ. ಆ ಅಂಗಳದಲ್ಲಿ ಅವರ ಹೊರತು ಯಾರೂ ಇರಲಿಲ್ಲ, ಆದರೂ ಎಷ್ಟೋ ಜನ ಒಟ್ಟಿಗೇ ನನ್ನ ಕಡೆ ತಿರುಗಿದ್ದು ನನ್ನ ಚರ್ಮಕ್ಕೆ ಗೊತ್ತಾಯಿತು. ಮಳೆಯ ಸದ್ದು ಕೂಡ ತಗ್ಗಿತು. ನಾನು ಬಾಯಿ ತೆರೆದೆ. ಭಾವ ಬೇಡ ಅಂತ ಮೆಲ್ಲಗೆ ತಲೆ ಅಲ್ಲಾಡಿಸಿ, ಅವಸರ ಅವಸರವಾಗಿ ತಾವೇ ಕೇಳಿದರು.

"ಮುನಿರಾಜ, ನಿಮ್ಮನೆಗೆ ನೀರು ನುಗ್ತೇನೋ?"

ಬಾಗಿಲಲ್ಲಿ ಅಕ್ಕ ಎದ್ದು ನಿಂತು ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಹೇಳಬೇಕು ಅಂತಲೇ ಹೋದ ನಾನು, "ಇಲ್ಲ ಭಾವ, ಈ ಸಲ ಬರಲಿಲ್ಲ" ಅಂತಷ್ಟೇ ಹೇಳಿ ಮನೆಗೆ ಬಂದೆ.